ಹೋಟೆಲಿನ ಊಟವೂ ಮನೆಯ ಮಗಳೂ

ಹೋಟೆಲಿನಲ್ಲಿ ಉಣ್ಣುವುದು ನಮ್ಮ ಅಜ್ಜಂದಿರ ಕಾಲದಲ್ಲಿ ಮಾನವಂತರು ಬಾಯಿಬಿಟ್ಟು ಹೇಳಿಕೊಳ್ಳತಕ್ಕ ಸಂಗತಿಯಾಗಿರಲಿಲ್ಲ. ಪರಸ್ಥಳದಲ್ಲಿ ಬಂಧುಗಳಿಲ್ಲದವನು, ಮನೆಯಲ್ಲಿ ಅಡಿಗೆ ಮಾಡುವವರಿಲ್ಲದ ಗುಮಾಸ್ತೆ, ವಾರಾನ್ನ ಸಿಕ್ಕದ ವಿದ್ಯಾರ್ಥಿ, ಇಂಥವರಿಗೆ ಮಾತ್ರ ಅದು ವಿಧಿಯಿಲ್ಲದ ದಾರಿ. ಈಗ ಆ ಕಟ್ಟೆಲ್ಲವೂ ಸಡಿಲಿಹೋಗಿದೆ. ಹುಟ್ಟಿದ ಹಬ್ಬವೆಂದರೆ ಹೋಟೆಲು, ಪರೀಕ್ಷೆ ಮುಗಿದರೆ ಹೋಟೆಲು, ನೆಂಟರು ಬಂದರೆ ಹೋಟೆಲು, ಯಾರೂ ಬಾರದೆ ಬೇಸರವಾದರೂ ಹೋಟೆಲು. ಇದನ್ನು ಹಳಿಯುವುದಕ್ಕೆಂದು ನಾವು ಲೇಖನಿ ಹಿಡಿದಿಲ್ಲ. ಬೆಣ್ಣೆ ಸವರಿದ ದೋಸೆಯ ವಿಷಯದಲ್ಲಿ ವೈರಾಗ್ಯವನ್ನು ಬೋಧಿಸತಕ್ಕ ಯೋಗ್ಯತೆ ನಮ್ಮಿಬ್ಬರಲ್ಲಿ ಯಾರಿಗೂ ಇಲ್ಲ. ಆದರೆ ಸಂಸಾರವೆಲ್ಲ ಕೂಡಿ ಹೊರಗೆ ಹೋಗಿ ಒಂದು ತಿಂಡಿ ತಿಂದು ಬರುವ ಈ ಸಾಧಾರಣ ಕಾರ್ಯವು ಕೆಲವು ಮನೆಗಳಲ್ಲಿ ಎಷ್ಟು ಎಣಿಕೆಯ, ಎಷ್ಟು ಎಚ್ಚರಿಕೆಯ ಕಾರ್ಯವಾಗಿರುವುದೆಂಬುದು ಪಕ್ಕದ ಮೇಜಿನವರಿಗೆ ತಿಳಿಯುವಂತಿಲ್ಲ. ಅಂಥ ಮನೆ ನಮ್ಮದು.

ನಮ್ಮ ಮಗಳಿಗೆ ಈಗ ಹದಿನೈದು ವರ್ಷ. ಹನ್ನೊಂದನೆಯ ವಯಸ್ಸಿನಲ್ಲಿ ಅವಳಿಗೆ ಮಧುಮೇಹ ಬಂದಿತು. ಮಧುಮೇಹವೆಂದೊಡನೆ ವಾಚಕರ ಕಣ್ಣಿಗೆ ಕಟ್ಟುವುದು ಐವತ್ತು ದಾಟಿದ ದೊಡ್ಡಪ್ಪನವರು, ಅವರ ಬೆಳಗಿನ ಗುಳಿಗೆ, ಉದ್ಯಾನದಲ್ಲಿ ಅವರ ನಡಿಗೆ. ಅದು ಎರಡನೆಯ ಬಗೆಯದು. ನಮ್ಮ ಮಗಳದು ಒಂದನೆಯ ಬಗೆ. ಹೊಟ್ಟೆಯ ಹಿಂಬದಿಯಲ್ಲಿ ಮೇದೋಜೀರಕವೆಂಬ ಗ್ರಂಥಿಯಿದೆ. ಇನ್ಸುಲಿನ್ ಎಂಬ ರಸವನ್ನು ಒಸರತಕ್ಕ ಜೀವಕೋಶಗಳು ಅಲ್ಲಿವೆ. ಪರದಾಳಿಯಿಂದ ಶರೀರವನ್ನು ಕಾಯಬೇಕಾದ ಶಕ್ತಿಯೇ ದಾರಿತಪ್ಪಿ ಆ ಕೋಶಗಳನ್ನು ಶತ್ರುಗಳೆಂದು ಬಗೆದು ನಾಶಪಡಿಸಿಬಿಡುತ್ತದೆ. ಕಾವಲುಗಾರನೇ ಮನೆಯವರ ಮೇಲೆ ಕೈಮಾಡಿದಂತೆ. ಇದಕ್ಕೂ ಮಗು ತಿಂದ ಸಿಹಿಗೂ ಸಂಬಂಧವಿಲ್ಲ. ‘ಮಕ್ಕಳಿಗೆ ಚಾಕೊಲೇಟು ಕೊಟ್ಟು ಮುದ್ದು ಮಾಡಿದಿರಿ, ಹೀಗಾಯಿತು’ ಎಂದು ನಮಗೆ ಹೇಳಿದವರು ಒಬ್ಬಿಬ್ಬರಲ್ಲ. ಅವರೊಡನೆ ವಾದಿಸುವುದನ್ನು ಮೊದಲನೆಯ ವರ್ಷದಲ್ಲಿಯೇ ಬಿಟ್ಟೆವು. ಹಾಗಲಕಾಯಿಯ ರಸವನ್ನು ಶಿಫಾರಸು ಮಾಡುವವರಿಗೂ ಈಗ ನಗುತ್ತಲೇ ವಂದನೆ ಹೇಳುತ್ತೇವೆ. ಹಾಗಲಕಾಯಿಯ ಗೊಜ್ಜು ನಮಗೆ ಇಷ್ಟವೇ. ಆದರೆ ಇನ್ಸುಲಿನ್ನಿನ ಸ್ಥಾನದಲ್ಲಿ ಕೂರತಕ್ಕ ವಸ್ತು ಅದಲ್ಲ.

ಒಂದು ನೂರು ವರ್ಷಗಳ ಹಿಂದೆ ಈ ವ್ಯಾಧಿಯುಳ್ಳ ಮಗುವಿಗೆ ವೈದ್ಯರು ಮಾಡಬಹುದಾಗಿದ್ದುದು ಒಂದೇ: ಅನ್ನವನ್ನು ಕಸಿಯುವುದು. ಉಪವಾಸದಿಂದ ಆಯುಸ್ಸನ್ನು ಕೆಲವು ತಿಂಗಳು ಎಳೆಯಬಹುದಾಗಿತ್ತು, ಅಷ್ಟೆ. 1921ರಲ್ಲಿ ಕೆನಡಾ ದೇಶದ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬವರು ಆ ರಸವನ್ನು ಬೇರ್ಪಡಿಸುವುದರಲ್ಲಿ ತೊಡಗಿದರು. 1922ರ ಜನವರಿಯಲ್ಲಿ ಲೆನರ್ಡ್ ಥಾಮ್ಸನ್ ಎಂಬ ಹದಿನಾಲ್ಕು ವರ್ಷದ ಬಾಲಕನಿಗೆ ಅದನ್ನು ಮೊದಲ ಸಲ ಚುಚ್ಚಿದರು. ಮೊದಲಿನದು ಅಷ್ಟಾಗಿ ಫಲಿಸಲಿಲ್ಲ. ಕಾಲಿಪ್ ಎಂಬ ರಸಾಯನಜ್ಞನು ಇನ್ನಷ್ಟು ಶುದ್ಧಿಮಾಡಿಕೊಟ್ಟದ್ದು ಹನ್ನೆರಡು ದಿನಗಳ ತರುವಾಯ ಆ ಹುಡುಗನನ್ನು ಎಬ್ಬಿಸಿ ಕೂರಿಸಿತು. ಹಕ್ಕುಪತ್ರವನ್ನು ಅವರು ವಿಶ್ವವಿದ್ಯಾನಿಲಯಕ್ಕೆ ತಲೆಗೊಂದು ಡಾಲರಿಗೆ ಬರೆದುಕೊಟ್ಟರು. ಆ ಹುಡುಗನ ವಯಸ್ಸು ಹೆಚ್ಚುಕಡಿಮೆ ನಮ್ಮ ಮಗಳ ವಯಸ್ಸೇ ಎಂಬುದು ಕೆಲವು ರಾತ್ರಿ ನಮಗೆ ನೆನಪಾಗುವುದುಂಟು. ಅವಳಿಗೆ ಹೇಳಿದರೆ, ‘ಅವನಿಗೆ ದೋಸೆ ಎಲ್ಲಿತ್ತು ಪಾಪ’ ಎನ್ನುತ್ತಾಳೆ.

ಆದುದರಿಂದ ಅವಳು ತಿನ್ನಕೂಡದ ಪದಾರ್ಥವೆಂಬುದು ಇಲ್ಲ. ಎಷ್ಟು ತಿನ್ನುವಳೋ ಅಷ್ಟಕ್ಕೆ ತಕ್ಕ ಇನ್ಸುಲಿನ್ನನ್ನು ಹೊರಗಿನಿಂದ ಕೊಡಬೇಕು. ಆರೋಗ್ಯವಂತನ ಶರೀರವು ತಾನಾಗಿ ನಡೆಸುವ ಲೆಕ್ಕವನ್ನು ಅವಳು ಮನಸ್ಸಿನಲ್ಲಿ ನಡೆಸಬೇಕು. ಅವಳಿಗೆ ವೈದ್ಯರು ಹಾಕಿಕೊಟ್ಟಿರುವ ಪ್ರಮಾಣ 12 ಗ್ರಾಂ ಶರ್ಕರಪಿಷ್ಟಕ್ಕೆ 1 ಯೂನಿಟ್ಟು. ಇದು ಅವಳೊಬ್ಬಳಿಗೆ ಸಂಬಂಧಿಸಿದ್ದು. ಇನ್ನೊಬ್ಬರ ಮನೆಯ ಮಗುವಿಗೆ ಬೇರೆಯಾಗಿರುವುದು, ಅವಳಿಗೇ ವರ್ಷ ತಿರುಗುವುದರೊಳಗೆ ಎರಡು ಸಲ ಬದಲಾಯಿತು. ಮನೆಯಲ್ಲಾದರೆ ತಕ್ಕಡಿಯಿದೆ, ಅಳತೆಯ ಲೋಟವಿದೆ. ನಮ್ಮ ಇಡ್ಲಿತಟ್ಟೆಯ ಒಂದು ಇಡ್ಲಿಗೆ 12 ಗ್ರಾಮೆಂದು ತೂಗಿ ಎಣಿಸಿ ಗೋಡೆಯ ಮೇಲೆ ಬರೆದಿದ್ದೇವೆ. ಹೊರಗೆ ಕಾಲಿಟ್ಟೊಡನೆ ಈ ಶಾಸ್ತ್ರವೆಲ್ಲ ಕದಲುತ್ತದೆ. ಒಂದು ಹೋಟೆಲಿನ ಇಡ್ಲಿ ಅಂಗೈಯಲ್ಲಿ ಅಡಗುತ್ತದೆ. ಬಿಡದಿಯ ತಟ್ಟೆ ಇಡ್ಲಿ ಅಂಗೈಯನ್ನೇ ಅಡಗಿಸುತ್ತದೆ. ಎರಡಕ್ಕೂ ಹೆಸರು ಇಡ್ಲಿಯೇ.

ಮೋಸವಿರುವುದು ಸಿಹಿಯಲ್ಲಿ ಅಲ್ಲವೆಂಬುದು ನಾವು ಅನುಭವದಿಂದ ಕಂಡ ಮಾತು. ಜಿಲೇಬಿ ಸಿಹಿಯೆಂದು ಎಲ್ಲರಿಗೂ ಗೊತ್ತು. ಅದು ಬಹಿರಂಗವಾಗಿ ಬರುತ್ತದೆ. ಗುಟ್ಟಾಗಿ ಬರುವುದು ಸಾಂಬಾರಿನ ಬೆಲ್ಲ. ಉಡುಪಿಯ ಕಡೆಯ ಕೈಯಾದರೆ ಬೆಲ್ಲ ಬೀಳುವುದು ಧರ್ಮ, ಬೆಂಗಳೂರಿನ ಎಷ್ಟೋ ಹೋಟೆಲುಗಳಲ್ಲಿ ಅದು ಸ್ವಲ್ಪ ಉದಾರಧರ್ಮ. ಬಟ್ಟಲು ಬಟ್ಟಲಾಗಿ ಸಾಂಬಾರನ್ನು ಕುಡಿಯುವ ಅಭ್ಯಾಸವುಳ್ಳ ಹುಡುಗಿಗೆ ಅದು ಲೆಕ್ಕಕ್ಕೆ ಸೇರಲೇಬೇಕು. ಕೆಂಪು ಚಟ್ನಿಯಲ್ಲಿಯೂ ಒಮ್ಮೊಮ್ಮೆ ಬೆಲ್ಲ. ಕಾಫಿಯ ವಿಷಯ ಕೇಳಲೇಬೇಡಿ; ಸಕ್ಕರೆ ಬೇರೆಯಾಗಿ ಕೊಡಿರೆಂದರೆ ಸಪ್ಲಯರು ಒಳ್ಳೆಯ ಮಾತಿನಲ್ಲಿಯೇ ಹೂಂ ಎನ್ನುವನು, ಬರುವುದು ಮಾತ್ರ ಒಳಗೆ ಮೊದಲೇ ಕಲಸಿಟ್ಟದ್ದು. ಇನ್ನು ರವೆ ಇಡ್ಲಿ. ಎರಡನೆಯ ಮಹಾಯುದ್ಧದಲ್ಲಿ ಅಕ್ಕಿಗೆ ಬರ ಬಂದಾಗ ಲಾಲ್‌ಬಾಗ್ ರಸ್ತೆಯ ಮಾವಳ್ಳಿ ಟಿಫಿನ್ ರೂಮಿನವರು ಇದನ್ನು ಹೊಸದಾಗಿ ಮಾಡಿದರೆಂದು ಪ್ರತೀತಿ. ‘ಅಕ್ಕಿಯಿಲ್ಲವಲ್ಲ, ಧಾರಾಳವಾಗಿ ತಿನ್ನಲಿ’ ಎಂದು ನಮ್ಮ ಸೋದರತ್ತೆಯವರು ಒಂದು ದಿನ ಅವಳ ತಟ್ಟೆಗೆ ಇನ್ನೊಂದನ್ನು ಸರಿಸಿದರು. ರವೆಯೂ ಗೋಧಿಯೇ, ಗೋಧಿಯೂ ಪಿಷ್ಟವೇ. ರಾಗಿಗೂ ಇದೇ ಮಾತು. ಧಾನ್ಯದ ಹೆಸರು ಬದಲಾದ ಮಾತ್ರಕ್ಕೆ ಎಣಿಕೆ ತಪ್ಪುವುದಿಲ್ಲ. ಅತ್ತೆಯವರ ಮನಸ್ಸು ನೋಯದಂತೆ ಹುಡುಗಿ ಅದನ್ನು ತಿಂದು ಇನ್ನೆರಡು ಯೂನಿಟ್ಟು ಹಾಕಿಕೊಂಡಳು.

ಮಸಾಲೆದೋಸೆಯದು ಬೇರೊಂದು ಕಥೆ. ಅದನ್ನು ನಾವು ಸುಮಾರು 50 ಗ್ರಾಮೆಂದು ಹಿಡಿಯುತ್ತೇವೆ: ಹಿಟ್ಟೊಂದು, ಒಳಗಣ ಆಲೂಗೆಡ್ಡೆಯೊಂದು. ಆದರೆ ತುಪ್ಪವೂ ಬೆಣ್ಣೆಯೂ ಪಿಷ್ಟವು ಜೀರ್ಣವಾಗುವ ವೇಗವನ್ನು ತಡೆಯುತ್ತವೆ. ತಿಂದು ಒಂದು ಗಂಟೆಯಾದರೂ ರಕ್ತದ ಸಕ್ಕರೆ ಸಾಧುವಾಗಿರುತ್ತದೆ, ಹುಡುಗಿ ಪಾಠಕ್ಕೆ ಕೂರುತ್ತಾಳೆ, ನಾವು ಗೆದ್ದೆವೆಂದು ಭಾವಿಸುತ್ತೇವೆ. ಮೂರನೆಯ ನಾಲ್ಕನೆಯ ಗಂಟೆಯಲ್ಲಿ, ಚುಚ್ಚಿದ ಔಷಧದ ಬಲ ಕುಂದುವ ಹೊತ್ತಿಗೆ, ಬೆಣ್ಣೆಯ ಹಿಂದೆ ಅಡಗಿ ಕುಳಿತಿದ್ದದ್ದು ಹೊರಡುತ್ತದೆ. ರಾತ್ರಿಯ ಎಂಟು ಗಂಟೆಯ ಪೂರಿಗೆ ಹನ್ನೆರಡು ಗಂಟೆಯಲ್ಲಿ ಉತ್ತರ ಹೇಳಬೇಕಾಗಿ ಬರುವುದು ಹೀಗೆ. ಆಗ ಅವಸರಪಟ್ಟು ಮೇಲೆಮೇಲೆ ಚುಚ್ಚಿದರೆ ಬೆಳಗಿನ ಜಾವಕ್ಕೆ ಸಕ್ಕರೆ ಪಾತಾಳಕ್ಕಿಳಿಯುವ ಭಯ. ಹೋಟೆಲಿಗೆ ಹೋಗುವುದಾದರೆ ರಾತ್ರಿಗಿಂತ ಬೆಳಗಿನ ತಿಂಡಿಗೆ ಹೋಗುವುದೇ ಮೇಲೆಂದು ನಾವು ನಿಶ್ಚಯಿಸಿರುವುದು ಈ ಕಾರಣದಿಂದ. ಹಗಲೆಲ್ಲ ಕಣ್ಣು ತೆರೆದಿರುತ್ತದೆ.

ಇವೆಲ್ಲಕ್ಕಿಂತಲೂ ಕಠಿಣವಾದುದು ತೂಕವಲ್ಲ, ವೇಳೆ. ಅವಳು ಊಟಕ್ಕೆ ಮುಂಚೆ ಹಾಕಿಕೊಳ್ಳುವ ಇನ್ಸುಲಿನ್ನು ಶೀಘ್ರವಾಗಿ ಕೆಲಸ ಮಾಡತಕ್ಕದ್ದು. ಆದರೂ ಅನ್ನಕ್ಕಿಂತ ಹತ್ತು ಹದಿನೈದು ನಿಮಿಷ ಮುಂಚಿತವಾಗಿ ಒಳಹೊಕ್ಕರೆ ಎರಡೂ ಜೊತೆಯಾಗಿ ನಡೆಯುತ್ತವೆ. ಮನೆಯಲ್ಲಿ ಇದು ಸುಲಭ. ಒಲೆಯ ಮೇಲಿನ ಪಾತ್ರೆ ಕಣ್ಣೆದುರಿಗಿರುತ್ತದೆ. ಹೋಟೆಲಿನಲ್ಲಿ ಆ ಹದಿನೈದು ನಿಮಿಷವು ಅಡಿಗೆಯವನ ಕೈಯಲ್ಲಿದೆ. ಬೆಂಗಳೂರಿನಲ್ಲಿ 1980ರ ದಶಕದಿಂದ ಹಬ್ಬಿದ ದರ್ಶಿನಿಗಳ ಉಪಕಾರವನ್ನು ಈ ವಿಷಯದಲ್ಲಿ ನಾವು ಮರೆಯುವಂತಿಲ್ಲ. ನಿಂತು ತಿನ್ನುವುದು ಶಿಷ್ಟಾಚಾರವಲ್ಲವೆಂದು ಹಿರಿಯರು ಮುಖ ಸಿಂಡರಿಸಿಕೊಂಡರೂ, ಅಲ್ಲಿ ಹಣ ಕೊಟ್ಟು ಚೀಟಿ ಪಡೆದರೆ ತಟ್ಟೆ ಕೈಗೆ ಬರುವುದಕ್ಕೆ ಎಷ್ಟು ಹೊತ್ತೆಂಬುದನ್ನು ಕಣ್ಣಿನಿಂದಲೇ ಅಳೆಯಬಹುದು. ಗಾಂಧಿ ಬಜಾರಿನಲ್ಲಿ 1943ರಿಂದ ನಡೆಯುತ್ತಿರುವ ವಿದ್ಯಾರ್ಥಿ ಭವನಕ್ಕೆ ಭಾನುವಾರದ ಬೆಳಿಗ್ಗೆ ಹೋದರೆ ಹೊರಗೆ ಹೆಸರು ಬರೆಸಿ ಕಾಯಬೇಕು. ಆದರೆ ಒಳಗೆ ಕುಳಿತ ಮೇಲೆ ತೋಳಿನುದ್ದಕ್ಕೂ ದೋಸೆಯ ತಟ್ಟೆಗಳನ್ನು ಪೇರಿಸಿಕೊಂಡು ಬರುವವರನ್ನು ದೂರದಿಂದಲೇ ಕಾಣಬಹುದಾದ್ದರಿಂದ, ಮಗಳು ಆ ಗೋಪುರವು ಬಾಗಿಲಲ್ಲಿ ತೋರಿದಾಗಲೇ ಸೂಜಿಯ ಪೆನ್ನನ್ನು ಹೊರತೆಗೆಯುತ್ತಾಳೆ. ಕುಳಿತ ಜಾಗದಿಂದ ಅಡಿಗೆಮನೆಯ ಬಾಗಿಲು ಕಾಣುವಂತಿರಬೇಕೆಂಬುದು ಅವಳ ನಿಯಮ. ಸಂಗೀತಗಾರರಿಗೆ ಶ್ರುತಿಪೆಟ್ಟಿಗೆ ಹೇಗೋ ಅವಳಿಗೆ ಆ ಬಾಗಿಲು ಹಾಗೆ.

ಕಳೆದ ವರ್ಷ ಮೈಸೂರಿಗೆ ಹೋಗುವಾಗ ನಡೆದ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ದಾರಿಯಲ್ಲಿ ದೊಡ್ಡದಾದ ಒಂದು ಹೋಟೆಲಿನಲ್ಲಿ ಇಳಿದೆವು, ಹೆಸರು ಬೇಡ. ಅಡಿಗೆಮನೆ ಎಲ್ಲಿದೆಯೋ ಕಾಣದಷ್ಟು ವಿಶಾಲವಾದ ಕಟ್ಟಡ. ದೋಸೆಗೆ ಹೇಳಿ ಹುಡುಗಿಯೇ ಸಪ್ಲಯರನ್ನು ಕೇಳಿದಳು: ‘ಅಣ್ಣಾ, ಎಷ್ಟು ಹೊತ್ತಾಗುತ್ತೆ? ನಾನು ಔಷಧಿ ತೊಗೋಬೇಕು.’ ಆತ, ‘ಕಾವಲಿ ಮೇಲಿದೆಯಮ್ಮಾ, ಐದೇ ನಿಮಿಷ’ ಎಂದನು. ಅವಳು 4 ಯೂನಿಟ್ಟು ಹಾಕಿಕೊಂಡಳು. ಅಷ್ಟರಲ್ಲಿ ಎರಡು ಬಸ್ಸಿನ ತುಂಬ ಮದುವೆಯ ದಿಬ್ಬಣದವರು ಬಂದಿಳಿದರು. ಕಾವಲಿಯ ಮೇಲಿದ್ದ ದೋಸೆಗಳೆಲ್ಲ ಆ ಕಡೆಗೆ ತಿರುಗಿದುವು.

ಮಗಳ ತೋಳಿನ ಮೇಲೆ ರೂಪಾಯಿಯ ನಾಣ್ಯದಷ್ಟು ಅಗಲದ ಒಂದು ಸೆನ್ಸರು ಅಂಟಿಕೊಂಡಿರುತ್ತದೆ. ಚರ್ಮದ ಕೆಳಗಣ ದ್ರವದಲ್ಲಿರುವ ಸಕ್ಕರೆಯನ್ನು ಅದು ನಿಮಿಷ ನಿಮಿಷಕ್ಕೂ ಮೊಬೈಲಿಗೆ ತಿಳಿಸುವುದು. ರಕ್ತಕ್ಕಿಂತ ಕೊಂಚ ಹಿಂದೆ ಬೀಳುವುದಾದುದರಿಂದ ಅದು 80 ಎಂದಾಗ ನಿಜವಾದದ್ದು ಇನ್ನೂ ಕೆಳಗಿರಬಹುದು. ಮೊದಲು 118 ಇತ್ತು. ಇಪ್ಪತ್ತೈದು ನಿಮಿಷವಾಯಿತು, 97, ಕೆಳಮುಖವಾದ ಬಾಣ. ನಾವು ಗಲ್ಲೆಯ ಬಳಿಗೆ ಹೋಗಿ ಸಂಗತಿಯನ್ನು ವಿವರಿಸಿ, ದೋಸೆಯಲ್ಲದಿದ್ದರೆ ಸಿದ್ಧವಾಗಿರುವುದು ಏನಾದರೂ ಸರಿ, ಒಂದು ತಟ್ಟೆ ಅನ್ನವಾದರೂ ಕೊಡಿರೆಂದು ಕೇಳಿದೆವು. ಅಲ್ಲಿ ಕುಳಿತಿದ್ದವರು ಕಣ್ಣೆತ್ತದೆಯೇ, ‘ಎಲ್ಲರಿಗೂ ಹಸಿವು ಇದ್ದೇ ಇರುತ್ತೆ ಸ್ವಾಮೀ, ಸರದಿಯಂತೆ ಬರುತ್ತೆ’ ಎಂದರು. 79. ಹುಡುಗಿಯ ಮೇಲ್ದುಟಿಯಲ್ಲಿ ಬೆವರು ಮೂಡಿತು. 70ಕ್ಕೆ ಕೆಳಗಿಳಿದರೆ ಅಪಾಯದ ಗಡಿ. ಕೈ ನಡುಗುವುದು, ಮಾತು ತೊದಲುವುದು, ಇನ್ನೂ ಇಳಿದರೆ ಪ್ರಜ್ಞೆ ತಪ್ಪುವುದು. ಮೆದುಳಿಗೆ ಸಕ್ಕರೆಯೇ ಅನ್ನ.

ಅವಳ ಚೀಲದಲ್ಲಿ ಗ್ಲೂಕೋಸಿನ ಪುಡಿ ಯಾವಾಗಲೂ ಇರುತ್ತದೆ. ಅವಳು ಅವಸರವಿಲ್ಲದೆ ಸುಮಾರು 15 ಗ್ರಾಮಿನಷ್ಟನ್ನು ನೀರಿಗೆ ಕದಡಿ ಕುಡಿದಳು. ಕುಡಿದು ಹದಿನೈದು ನಿಮಿಷ ಕಾದು ಮತ್ತೆ ನೋಡಬೇಕೆಂಬುದು ಕ್ರಮ. ಆ ಹದಿನೈದು ನಿಮಿಷಕ್ಕೆ ಗಡಿಯಾರದಲ್ಲಿ ಎಷ್ಟು ಉದ್ದವಿದೆಯೆಂಬುದು ಈ ರೋಗವನ್ನು ಮನೆಯಲ್ಲಿಟ್ಟುಕೊಂಡವರಿಗೆ ಗೊತ್ತು. ನಮ್ಮಲ್ಲಿ ಗಂಡಸಾದವರು ಗಲ್ಲೆಯವರೊಡನೆ ವ್ಯಾಜ್ಯಕ್ಕೆಂದು ಎದ್ದು ನಿಂತರು. ಹುಡುಗಿ ಅವರ ಕೈಹಿಡಿದು, ‘ಅಪ್ಪಾ, ಕೂತ್ಕೊಳ್ಳಿ. ಕೋಪದಿಂದ ಸಕ್ಕರೆ ಏರೋದಾದರೆ ನನ್ನದು ಏರಬೇಕು, ನಿಮ್ಮದಲ್ಲ’ ಎಂದಳು. ಪಕ್ಕದ ಮೇಜಿನಲ್ಲಿ ಒಬ್ಬ ವೃದ್ಧ ಮಾತೆ ಇದನ್ನೆಲ್ಲ ನೋಡುತ್ತಿದ್ದವರು, ಏನೊಂದನ್ನೂ ಕೇಳದೆ, ತಮ್ಮ ಮುಂದೆ ಮುಟ್ಟದೆ ಇದ್ದ ಕೇಸರಿಬಾತಿನ ತಟ್ಟೆಯನ್ನು ನಮ್ಮ ಕಡೆಗೆ ಸರಿಸಿ, ‘ತಿನ್ನು ಮಗಳೇ. ನನ್ನ ಮೊಮ್ಮಗನಿಗೂ ಇದೇ’ ಎಂದರು. ಪರಸ್ಥಳದಲ್ಲಿ ಪರಕೀಯರ ತಟ್ಟೆಯಿಂದ ತಿನ್ನಬಾರದೆಂದು ಬಾಲ್ಯದಿಂದ ಬೋಧಿಸಿದ್ದ ನಾವು ಆ ತಟ್ಟೆಯನ್ನು ಪ್ರಸಾದದಂತೆ ತೆಗೆದುಕೊಂಡೆವು. 72ರಲ್ಲಿ ನಿಂತಿದ್ದ ಸಂಖ್ಯೆ ಮೆಲ್ಲಗೆ 90ಕ್ಕೆ ಬಂದಿತು. ದೋಸೆ ಬಂದದ್ದು ನಲವತ್ತೈದನೆಯ ನಿಮಿಷದಲ್ಲಿ, ತಣ್ಣಗಾಗಿ.

ಅಂದಿನಿಂದ ಅವಳು ತಾನೇ ಒಂದು ಕಟ್ಟಳೆ ಮಾಡಿಕೊಂಡಳು. ಪರಿಚಯದ ಹೋಟೆಲಾದರೆ ಮೊದಲು ಸೂಜಿ; ಪರಿಚಯವಿಲ್ಲದಲ್ಲಿ ತಟ್ಟೆ ಮೇಜನ್ನು ಮುಟ್ಟುವವರೆಗೂ ಸೂಜಿಯಿಲ್ಲ. ಇದಕ್ಕೆ ಬೆಲೆಯಿಲ್ಲದಿಲ್ಲ. ತಡವಾಗಿ ಹಾಕಿಕೊಂಡರೆ ಮೊದಲ ಗಂಟೆಯಲ್ಲಿ ಸಕ್ಕರೆ ಬೇಕಾದ್ದಕ್ಕಿಂತ ಮೇಲೇರುವುದು. ಏರಿದ್ದನ್ನು ನಿಧಾನವಾಗಿ ಇಳಿಸಬಹುದು, ಇಳಿದದ್ದು ಕಾಯುವುದಿಲ್ಲವೆಂಬುದು ಅವಳ ವಾದ. ಅವಳ ವೈದ್ಯರೂ ಒಪ್ಪಿದರು.

ಸೂಜಿಯನ್ನು ಎಲ್ಲಿ ಹಾಕಿಕೊಳ್ಳಬೇಕೆಂಬ ಪ್ರಶ್ನೆಯೂ ನಮ್ಮ ಮನೆಯಲ್ಲಿ ಕೆಲವು ಕಾಲ ಚರ್ಚೆಗೆ ಒಳಗಾಗಿತ್ತು. ನಾಲ್ಕು ಜನರ ಮುಂದೆ ಬೇಡ, ಕೈತೊಳೆಯುವ ಕಡೆಗೆ ಹೋಗಲಿ ಎಂದು ಅಜ್ಜಿಯವರ ಪಕ್ಷ. ಅವರ ಸಂಕೋಚಕ್ಕೆ ಕಾರಣವನ್ನು ಅವರು ಬಾಯಿಬಿಟ್ಟು ಹೇಳದಿದ್ದರೂ ನಮಗೆ ತಿಳಿದಿತ್ತು: ಹೆಣ್ಣುಮಗು, ನಾಳೆ ವರನನ್ನು ಹುಡುಕಬೇಕು, ಊರಿಗೆಲ್ಲ ಏಕೆ ತೋರಿಸಬೇಕು. ಹುಡುಗಿ ಹನ್ನೆರಡನೆಯ ವಯಸ್ಸಿನಲ್ಲಿ ಅಜ್ಜಿಯ ಮಾತಿನಂತೆ ನಡೆದಳು, ಹದಿಮೂರರಲ್ಲಿ ಗೊಣಗಿಕೊಂಡು ನಡೆದಳು, ಹದಿನಾಲ್ಕರಲ್ಲಿ ನಿಲ್ಲಿಸಿದಳು. ‘ಅಜ್ಜೀ, ನೀವು ಊಟ ಮಾಡೋ ಕೋಣೆಗೆ ಕಕ್ಕಸಿನ ಕೋಣೆಯ ಬಟ್ಟೆಯಲ್ಲಿ ಬರೋಕೆ ಬಿಡೋಲ್ಲ. ನಾನು ಅಲ್ಲಿಗೆ ಹೋಗಿ ಸೂಜಿ ಚುಚ್ಚಿಕೊಂಡು ಬರಬೇಕಾ?’ ಮಡಿಯ ಶಾಸ್ತ್ರದಿಂದಲೇ ಬಂದ ಈ ಬಾಣಕ್ಕೆ ಅಜ್ಜಿಯವರಲ್ಲಿ ಪ್ರತ್ಯಸ್ತ್ರವಿರಲಿಲ್ಲ. ಈಗ ಮೇಜಿನ ಕೆಳಗೆ, ಕುರ್ತಾದ ಅಂಚನ್ನು ತುಸು ಸರಿಸಿ, ನಾವು ಚಟ್ನಿ ಬಡಿಸಿಕೊಳ್ಳುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ನೋಡಿದವರು ಕೆಲವರು ಮುಖ ತಿರುಗಿಸುವರು. ಕೆಲವರು ಬಂದು ಏನೆಂದು ಕೇಳುವರು. ಒಂದೇ ವಾಕ್ಯದಲ್ಲಿ ಹೇಳಿ ದೋಸೆಗೆ ತಿರುಗುವುದನ್ನು ಅವಳು ಕಲಿತಿದ್ದಾಳೆ.

ಇದುವರೆಗಿನದೆಲ್ಲ ನಾವು ಜೊತೆಯಲ್ಲಿದ್ದಾಗಿನ ಮಾತು. ಹದಿನೈದು ವರ್ಷದವರಿಗೆ ತಂದೆತಾಯಿಗಳ ಸಂಗಡ ಹೋಟೆಲಿಗೆ ಹೋಗುವುದೇನು ಹೆಚ್ಚು ಸುಖ? ಅರ್ಧವಾರ್ಷಿಕ ಪರೀಕ್ಷೆ ಮುಗಿದ ದಿನ ತರಗತಿಯ ಆರು ಹುಡುಗಿಯರು ಜಯನಗರಕ್ಕೆ ತಿಂಡಿಗೆ ಹೋಗುವುದೆಂದು ಗೊತ್ತಾಯಿತು. ಅವಳು ನಮ್ಮ ಅನುಮತಿಯನ್ನು ಕೇಳಲಿಲ್ಲ, ವರ್ತಮಾನವನ್ನು ಕೊಟ್ಟಳು. ನಮಗೆ ಆ ರಾತ್ರಿ ನಿದ್ರೆ ಬರಲಿಲ್ಲ. ಒಬ್ಬರು ದೂರದ ಮೇಜಿನಲ್ಲಿ ಗುರುತು ಸಿಕ್ಕದಂತೆ ಕುಳಿತಿರಬಹುದೇ ಎಂಬವರೆಗೂ ನಮ್ಮ ಆಲೋಚನೆ ಹೋಯಿತು. ಬೆಳಗಾದ ಮೇಲೆ ಅದು ನಮಗೇ ನಗೆಪಾಟಲಾಗಿ ಕಂಡಿತು.

ಅವಳ ಸೆನ್ಸರಿನ ಅಂಕೆಗಳು ನಮ್ಮ ಮೊಬೈಲುಗಳಿಗೂ ಬರುತ್ತವೆ. ಇದು ಹೆತ್ತವರಿಗೆ ವರವೋ, ಅವಳಿಗೆ ಬೇಡಿಯೋ ಎಂಬುದರಲ್ಲಿ ನಮ್ಮ ಮನೆಯಲ್ಲಿ ಒಮ್ಮತವಿಲ್ಲ. ಅಂಕೆ ಸ್ವಲ್ಪ ಏರಿದರೆ ನಾವು ದೂರವಾಣಿ ಮಾಡುತ್ತೇವೆ; ಅವಳು ಸ್ನೇಹಿತೆಯರ ಮುಂದೆ, ‘ಗೊತ್ತಮ್ಮಾ, ನೋಡಿದೆನಮ್ಮಾ’ ಎನ್ನಬೇಕಾಗುತ್ತದೆ. ಆ ದಿನಕ್ಕೆಂದು ಒಂದು ಒಪ್ಪಂದವಾಯಿತು. 70ಕ್ಕೆ ಕೆಳಗಿಳಿದು ಹತ್ತು ನಿಮಿಷದೊಳಗೆ ಅವಳಿಂದ ಒಂದು ಸಾಲಿನ ಸುದ್ದಿ ಬಾರದಿದ್ದರೆ ಮಾತ್ರ ನಾವು ಕರೆಯಬಹುದು. ಏರಿದ್ದರ ಬಗ್ಗೆ ನಾವು ಬಾಯಿ ತೆರೆಯಕೂಡದು. ಪ್ರತಿಯಾಗಿ, ಜೊತೆಯವರಲ್ಲಿ ಇಬ್ಬರಿಗಾದರೂ ಮಾಡಬೇಕಾದುದನ್ನು ಅವಳು ಕಲಿಸಿರಬೇಕು: ಮಂಕಾದರೆ ಗ್ಲೂಕೋಸು ಅಥವಾ ಸಕ್ಕರೆ ಕದಡಿದ ನೀರು ಕೊಡುವುದು, ‘ಡಯಟ್’ ಎಂದು ಬರೆದ ಪಾನೀಯ ಕೊಡಬಾರದು, ಅದರಲ್ಲಿ ಸಕ್ಕರೆಯೇ ಇಲ್ಲ, ಚಾಕೊಲೇಟು ಬೇಡ, ಅದರ ಕೊಬ್ಬು ಸಕ್ಕರೆಯನ್ನು ತಡಮಾಡಿಸುತ್ತದೆ, ಪ್ರಜ್ಞೆಯಿಲ್ಲದಿದ್ದರೆ ಬಾಯಿಗೆ ಏನೊಂದನ್ನೂ ಹಾಕದೆ ಮಗ್ಗುಲಾಗಿ ಮಲಗಿಸಿ ಆಸ್ಪತ್ರೆಗೆ ಸಾಗಿಸುವುದು. ಇನ್ಸುಲಿನ್ನಿನ ಪೆನ್ನನ್ನು ಬಿಸಿಲಿನಲ್ಲಿ ನಿಂತ ವಾಹನದಲ್ಲಿ ಬಿಡಕೂಡದೆಂಬುದನ್ನು ನಾವು ಸೇರಿಸಿದೆವು. ಅವಳು, ‘ನಾವು ಬಸ್ಸಿನಲ್ಲಿ ಹೋಗ್ತಿದ್ದೀವಿ’ ಎಂದಳು.

ಹನ್ನೊಂದೂವರೆಗೆ ಹೊರಟರು. ನಾವು ಮೊಬೈಲನ್ನು ದೇವರ ಮನೆಯ ಪಕ್ಕದ ಗೂಡಿನಲ್ಲಿಟ್ಟು ಬೇರೆ ಕೆಲಸ ಮಾಡುವವರಂತೆ ನಟಿಸಿದೆವು. ಹನ್ನೆರಡೂಕಾಲಿಗೆ 126. ಒಂದು ಗಂಟೆಗೆ 188. ಒಂದೂವರೆಗೆ 231. ಬಾಯಿ ತೆರೆಯಕೂಡದೆಂಬ ಕರಾರಿನ ಭಾರವು ಆಗ ನಮಗೆ ತಿಳಿಯಿತು. ಒಬ್ಬರು ಮೊಬೈಲನ್ನು ಕೈಗೆ ತೆಗೆದುಕೊಂಡರೆ ಇನ್ನೊಬ್ಬರು ಕಿತ್ತಿಡುವುದು, ಹೀಗೆ ಅರ್ಧ ಗಂಟೆ ಕಳೆಯಿತು. ಎರಡೂವರೆಗೆ 204, ಬಾಣ ಕೆಳಮುಖ, ಸೌಮ್ಯವಾಗಿ. ಮೂರೂವರೆಗೆ 149.

ನಾಲ್ಕು ಗಂಟೆಗೆ ಅವಳು ಬಂದಳು. ಚಪ್ಪಲಿ ಬಿಡುತ್ತಲೇ ನಮ್ಮ ಮುಖ ನೋಡಿ, ‘ಬಾದಾಮಿ ಹಾಲು ಕುಡಿದೆ. ಅದರಲ್ಲಿ ಅಷ್ಟು ಸಕ್ಕರೆ ಇರುತ್ತೆ ಅಂತ ಅಂದುಕೊಂಡಿರಲಿಲ್ಲ. ಮತ್ತೆ ಒಂದೂವರೆ ಯೂನಿಟ್ಟು ಹಾಕಿಕೊಂಡೆ’ ಎಂದಳು. ನಾವು ಬಾಯಿ ತೆರೆಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅಡಿಗೆಮನೆಯಲ್ಲಿ ಗೋಡೆಯ ಮೇಲಣ ಪಟ್ಟಿಯ ಕೊನೆಗೆ ಅವಳು ಪೆನ್ಸಿಲಿನಿಂದ ಒಂದು ಸಾಲು ಸೇರಿಸುತ್ತಿದ್ದಳು: ಬಾದಾಮಿ ಹಾಲು, ಒಂದು ಲೋಟ, 30 ಗ್ರಾಂ. ಬರೆದು ಮುಗಿಸಿ ತಿರುಗಿ, ಚಿಲ್ಲರೆಯಿಲ್ಲದೆ ಗೆಳತಿಯೇ ಎಲ್ಲರ ಹಣವನ್ನೂ ಕೊಟ್ಟಳೆಂದೂ, ಅವಳಿಗೆ ನಾವು ನೂರ ನಲವತ್ತು ರೂಪಾಯಿ ಕೊಡಬೇಕಾಗಿದೆಯೆಂದೂ ಹೇಳಿದಳು.